ಒಳಗೆ ಬಿಟ್ಟ ಬಟ್ಟೆ

ಅವರ ಹೊಲಿಗೆ ಮೆಷಿನ್ ಮೇಲಿದ್ದ ಕೋಟನ್ನು ನೋಡಿದ ಕೂಡಲೇ ನನಗೆ ಮೈಯೆಲ್ಲ ಉರಿದುಹೋಯಿತು. ನೀಲಿ ಬಟ್ಟೆ, ನನ್ನದೇ ಅಳತೆ. ಎಡಗಡೆ ಎದೆ ಮಾತ್ರ ಚಪ್ಪಟೆ.

"ನನ್ನ ಮೈ ಬಗ್ಗೆ ತೀರ್ಮಾನ ಮಾಡೋಕೆ ನೀವ್ಯಾರು?" ಎಂದೆ.

ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನು, ಹೊಲಿಯುವವರು ಅವರು. ಹನ್ನೊಂದು ವರ್ಷ ಎದುರುಬದುರು ಕೂತು ಒಬ್ಬರನ್ನೊಬ್ಬರು ಕದ್ದು ನೋಡಿದ್ದೇ ಬಂತು, ಇಬ್ಬರೂ ಬಾಯಿಬಿಟ್ಟಿರಲಿಲ್ಲ.

ಎಡ ಎದೆಯ ಕ್ಯಾನ್ಸರ್ ಗಂಟನ್ನು ಎರಡು ಸಲ ತೆಗೆಸಿದ್ದೆ. ಮತ್ತೆ ಬಂದಿತ್ತು. ಈ ಸಲ ಇಡೀ ಸ್ತನವನ್ನೇ ತೆಗೆಯುವುದು ಒಳ್ಳೆಯದು ಎಂದಿದ್ದರು ಡಾಕ್ಟರಮ್ಮ. ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗಿ ಉತ್ತರ ಹೇಳಬೇಕಿತ್ತು. ರಜೆ ಕೇಳುವಾಗ ಇದನ್ನೆಲ್ಲ ಅಂಗಡಿಯಲ್ಲಿ ಹೇಳಿದ್ದೆ. "ಇನ್ನೂ ಮದುವೆ ಆಗಬೇಕಾದವಳು ಕಣೇ, ಗಂಟು ಮಾತ್ರ ತೆಗೆಸು" ಎಂದು ಅಕ್ಕ ಕಣ್ಣೀರಿಟ್ಟಿದ್ದಳು. ಸುಳ್ಳೇಕೆ ಹೇಳಲಿ, ನನಗೂ ಆಸೆಯಿತ್ತು. ಇವರ ಕಣ್ಣಿಗೆ ಚೆಂದ ಕಾಣುವ ಆಸೆ.

ಅವರು ತಲೆ ಎತ್ತಲಿಲ್ಲ. "ಒಳಗಡೆ ತಿರುಗಿಸಿ ನೋಡಿ ಮೇಡಂ."

ತಿರುಗಿಸಿದೆ. ಎಡಗಡೆ ಹೊಲಿಗೆಯ ಒಳಗೆ ನಾಲ್ಕು ಬೆರಳಷ್ಟು ಬಟ್ಟೆ ಬಿಟ್ಟಿದ್ದರು. ಗಿರಾಕಿ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲೆಂದು ಒಂದು ಬೆರಳು ಬಿಡುವುದು ವಾಡಿಕೆ. ನಾಲ್ಕು ಯಾರೂ ಬಿಡುವುದಿಲ್ಲ.

"ಬಿಚ್ಚಿದ್ರೆ ಈಗಿರೋ ಹಾಗೆ, ಬಿಚ್ಚದಿದ್ರೆ ಹೀಗೆ. ನೀವು ಏನೇ ಅಂದ್ರೂ ಕೋಟು ರೆಡಿ ಇರಲಿ ಅಂತ."

ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. "ಅಳತೆ ಯಾವಾಗ ತಗೊಂಡ್ರಿ?"

ಅವರ ಕಿವಿ ಕೆಂಪಾಯಿತು. "ಹನ್ನೊಂದು ವರ್ಷದಿಂದ ನೋಡ್ತಾನೇ ಇದೀನಲ್ಲ."

"ಅಯ್ಯೋ, ಪಾಪದವರು ಅಂದ್ಕೊಂಡಿದ್ದೆ." ನಕ್ಕೆ. ನಗುತ್ತಲೇ ಅಳು ಬಂತು. "ನಿಜ ಹೇಳಿ, ನಿಮಗೆ ಯಾವುದು ಇಷ್ಟ?"

"ನೀವು ಎದುರಿಗೆ ಕೂತಿರೋದು" ಎಂದರು.

ಸೀಮೆಸುಣ್ಣ ತೆಗೆದುಕೊಂಡು, ಹೊಲಿಗೆಗೆ ಒಂದು ಬೆರಳು ಬಿಟ್ಟು ಗೆರೆ ಎಳೆದೆ. ಕತ್ತರಿ ಕೈಗೆತ್ತಿಕೊಂಡೆ.

"ಕತ್ತರಿಸಿದ್ರೆ ಮತ್ತೆ ಬಿಚ್ಚೋಕಾಗಲ್ಲ" ಎಂದರು ಮೆಲ್ಲಗೆ.

"ಗೊತ್ತು. ನನಗೂ ಎದುರಿಗೆ ಕೂತಿರೋದೇ ಬೇಕು. ಬಟ್ಟೆ ಅಲುಗದ ಹಾಗೆ ಹಿಡ್ಕೊಳ್ಳಿ."

ಹಿಡಿದುಕೊಂಡರು. ಬೆರಳಿಗೆ ಬೆರಳು ತಾಗಿತು, ಇಬ್ಬರೂ ಸರಿಸಲಿಲ್ಲ. ಮೂರು ಬೆರಳಗಲದ ನೀಲಿ ಪಟ್ಟಿ ನೆಲಕ್ಕೆ ಬಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಚೂರು ಬಟ್ಟೆಯನ್ನು ದಿನಾ ಗುಡಿಸಿ ಮೂಟೆಗೆ ತುಂಬುವವರು ಅವರೇ. ಇವತ್ತು ಆ ಪಟ್ಟಿಯನ್ನು ಎತ್ತಿ, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು.

"ನಾಳೆ ಎಷ್ಟು ಗಂಟೆಗೆ ಹೊರಡೋಣ?" ಎಂದು ಕೇಳಿದರು.