ಕದ್ದ ಹತ್ತು ನಿಮಿಷ

"ಟೈಮ್ ಆಯ್ತು. ಪೆನ್ ಇಡಿ!"

ಗ್ರಂಥಾಲಯದಲ್ಲಿ ಎದುರು ಕುಳಿತ ಅಪರಿಚಿತ ಹೀಗೆ ಗದರಿದಾಗ ಅವಳಿಗೆ ಮೈಯೆಲ್ಲ ಉರಿಯಿತು.

"ನೀವ್ಯಾರ್ರೀ ನನಗೆ ಹೇಳೋಕೆ?"

"ನೀವು ಬರೆಯೋ ನೌಕರಿ ಪರೀಕ್ಷೇನೇ ಬರೆಯೋನು. ಮೂರು ಗಂಟೇಲಿ ಮೂರು ಪ್ರಬಂಧ. ನೀವು ಮೊದಲನೇದಕ್ಕೇ ಎರಡು ಗಂಟೆ ಸುರೀತೀರಿ. ವಾರದಿಂದ ನೋಡ್ತಿದ್ದೀನಿ."

ನಿಜ! ಎರಡು ಸಲ ಅವಳು ಫೇಲಾಗಿದ್ದು ಬರೆಯಲು ಬಾರದೆ ಅಲ್ಲ, ಬರೆದು ಮುಗಿಯದೆ. ಇದು ಕೊನೆಯ ಸಲ. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಅಣ್ಣನ ಮನೆಯಲ್ಲಿ ಅತ್ತಿಗೆ, "ಇನ್ನೂ ಎಷ್ಟು ವರ್ಷ ಓದ್ತೀಯಮ್ಮಾ?" ಎಂದು ನಗುತ್ತಲೇ ಚುಚ್ಚುತ್ತಿದ್ದಳು.

ಅಂದಿನಿಂದ ಅವನೇ ಅವಳ ಗಡಿಯಾರ. ಪ್ರಬಂಧಕ್ಕೊಂದು ಗಂಟೆ: ಐದು ನಿಮಿಷ ಯೋಚನೆ, ಉಳಿದದ್ದು ಬರವಣಿಗೆ. ತಲೆಯೆತ್ತಿ ಟೈಮ್ ನೋಡಬಾರದು ಎಂದು ಅವನ ಕಟ್ಟಪ್ಪಣೆ. ಗಂಟೆಯಾಯಿತೆಂದು ಹಾಳೆ ಕಿತ್ತುಕೊಂಡರೆ ಇವಳು ಬೈಯುತ್ತಿದ್ದಳು, ಅವನು ನಗುತ್ತಿದ್ದ. ಆ ನಗು ನೋಡಲೆಂದೇ ಬೇಗ ಬರತೊಡಗಿದಳು, ಪೆದ್ದಿ!

ಪರೀಕ್ಷೆಗೆ ವಾರವಿರುವಾಗ, ಅವನು 'ಟೈಮ್ ಆಯ್ತು' ಎಂದ ಕೂಡಲೇ ಕದ್ದು ಗಡಿಯಾರ ನೋಡಿದಳು. ಆಗಿದ್ದು ಐವತ್ತೇ ನಿಮಿಷ! ಅಂದರೆ ಇಷ್ಟು ದಿನವೂ...

"ಹತ್ತು ನಿಮಿಷ ಕದೀತಿದ್ರಾ? ನಾನು ಸೋತು ಪೈಪೋಟಿಗೆ ಒಬ್ಬಳು ಕಡಿಮೆಯಾಗ್ಲಿ ಅಂತ ತಾನೆ!"

"ಅಲ್ಲ, ಸ್ವಲ್ಪ ಕೇಳಿ..."

ಕೇಳುವವಳೇ ಇವಳು? ಚೀಲ ಎತ್ತಿಕೊಂಡು ನಡೆದೇಬಿಟ್ಟಳು.

ಪರೀಕ್ಷೆಯ ದಿನ ಮೂರನೇ ಪ್ರಬಂಧ ಮುಗಿಸಿ ತಲೆಯೆತ್ತಿದರೆ... ಇನ್ನೂ ಅರ್ಧ ಗಂಟೆ! ಅವನು ಕದ್ದ ನಿಮಿಷಗಳೆಲ್ಲ ಅಲ್ಲಿ ಕೂಡಿಕೊಂಡಿದ್ದವು. 'ಅಯ್ಯೋ, ಎಂಥಾ ಮಾತಾಡಿಬಿಟ್ಟೆ!' ಅಳು ಒತ್ತರಿಸಿ ಬಂತು.

ಮುಂದಿನ ಸಾಲಿನಲ್ಲಿ ಅವನು ಇನ್ನೂ ಗೀಚುತ್ತಲೇ ಇದ್ದ. ಗಂಟೆ ಹೊಡೆದಾಗ ಮೇಲ್ವಿಚಾರಕರು ಅವನ ಕೈಯಿಂದ ಉತ್ತರ ಪತ್ರಿಕೆ ಎಳೆದುಕೊಳ್ಳಬೇಕಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತಳು.

"ಮುಗೀತಾ?"

"ಎರಡೇ. ಮೂರನೇದು ಮುಟ್ಟೋಕೂ ಆಗಲಿಲ್ಲ. ನಿಮ್ಮ ಟೈಮ್ ನೋಡ್ತಾ ನೋಡ್ತಾ ನಾನು ಒಂದಿನಾನೂ ಬರೆದು ಅಭ್ಯಾಸ ಮಾಡಿರಲಿಲ್ಲ." ಅವನು ನಗಲು ನೋಡಿದ. "ನನಗೂ ಇದೇ ಕೊನೇ ಸಲ."

ಅವಳ ಎದೆ ಒಡೆದುಹೋಯಿತು.

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ನನ್ನನ್ನ ಬರೆಯೋಕೆ ಕೂರಿಸ್ತಿದ್ರಿ. ನನಗೆ ನಿಮ್ಮನ್ನ ನೋಡ್ತಾ ಕೂರೋದೇ ಬೇಕಾಗಿತ್ತು..."

ಇಬ್ಬರೂ ಅತ್ತರು. ಬಹಳ ಹೊತ್ತಿನ ಮೇಲೆ ಅವಳು ಮಸಿ ಹತ್ತಿದ ಅವನ ಬೆರಳು ಹಿಡಿದುಕೊಂಡಳು.

"ಮೂರನೇದಕ್ಕೆ ನೀನು ಏನು ಬರೀಬೇಕು ಅಂತಿದ್ದೆ?"

"ಈಗ್ಯಾಕೆ? ಯಾರು ಓದ್ತಾರೆ ಅದನ್ನ?"

"ನಾನು ಕೇಳ್ತೀನಿ. ಮೊದಲಿಂದ ಹೇಳು."

"ತುಂಬಾ ಹೊತ್ತಾಗುತ್ತೆ..."

"ಆಗ್ಲಿ."