ಅಜ್ಜಿ ಥಿಯೇಟರಿಗೆ ಹೊರಟಳು

“ನನಗ ಆಪರೇಷನ್ ಬ್ಯಾಡ. ಮಾನ್ವಿ ಬಸ್ ಹತ್ತಿಸಿಬಿಡು,” ಎಂದು ಬಸವಂತಮ್ಮಜ್ಜಿ ಆಸ್ಪತ್ರೆಯ ಮಂಚದಿಂದ ಕಾಲು ಕೆಳಗಿಟ್ಟಳು.

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಟಿ.ವಿ. ಮುಂದೆ ಕೂತರೂ ಬರೀ ಮಾತು ಕೇಳುತ್ತಿದ್ದಳು, ಅಷ್ಟೆ. ಮಗ ರಾಮಲಿಂಗಪ್ಪ ಹೇಗೋ ಒಪ್ಪಿಸಿ ರಾಯಚೂರಿಗೆ ಕರೆತಂದಿದ್ದ. ಈಗ ನೋಡಿದರೆ ಹೀಗೆ.

ಅಷ್ಟರಲ್ಲಿ ನರ್ಸ್ ಬಂದು, ಬೆಳಿಗ್ಗೆ ಅಜ್ಜಿಯನ್ನು ಥಿಯೇಟರಿಗೆ ಕರೆದೊಯ್ಯುತ್ತೇವೆ ಎಂದು ಹೇಳಿ ಹೋದಳು. ಐದನೇ ಕ್ಲಾಸಿನ ಮೊಮ್ಮಗಳು ನಾಗವೇಣಿಗೆ ಖುಷಿಯೋ ಖುಷಿ. ಹೆದರಿದವರಿಗೆ ಮೊದಲು ಸಿನಿಮಾ ತೋರಿಸುತ್ತಾರೆ ಅಂದುಕೊಂಡಳು. ಅಜ್ಜಿಗೂ ಹಾಗೇ ಹೇಳಿಬಿಟ್ಟಳು.

ಅಜ್ಜಿ ಕಾಲು ಮೇಲೆ ತೆಗೆದುಕೊಂಡಳು. “ಟಾಕೀಸಿಗೇನು?”

ಆ ಸಂಜೆಯೆಲ್ಲ ಟಾಕೀಸಿನ ಮಾತೇ. ಮಾನ್ವಿಯ ಟಾಕೀಸಿಗೆ ಅಜ್ಜಿ ಕುರ್ಡಿ ಊರಿನ ಗೆಳತಿ ಗೋಪಮ್ಮನ ಜೊತೆ ಹೋಗುತ್ತಿದ್ದಳಂತೆ. ಹೆಂಗಸರಿಗೆ ಬೇರೆ ಜಾಗ, ನಡುವೆ ಪರದೆ. ದೀಪ ಆರಿದ ಮೇಲೆಯೇ ಅದನ್ನು ಸರಿಸುತ್ತಿದ್ದರಂತೆ. ನೆಲದ ಮೇಲೆ ಕೂತು, ಶೇಂಗಾ ಬಿಡಿಸುತ್ತ, ಇಬ್ಬರೂ ಒಟ್ಟಿಗೆ ಅಳುತ್ತಿದ್ದರಂತೆ. ಈಗ ಅಲ್ಲಿ ಹತ್ತಿಯ ಗೋದಾಮು. ಗೋಪಮ್ಮನೂ ಇಲ್ಲ.

ಟಾಕೀಸ್ ಅಂತ ಯಾಕೆ ಅನ್ನುತ್ತಾರೆ ಎಂದು ನಾಗವೇಣಿ ಕೇಳಿದಳು.

“ಮೊದಲು ಸಿನಿಮಾ ಮೂಕ ಇದ್ವಂತ. ಆಮ್ಯಾಲ ಮಾತಾಡಾಕತ್ತಿದ್ವು. ಇಂಗ್ಲಿಷಿನಾಗ ಟಾಕ್ ಅಂದ್ರ ಮಾತಲ್ಲೇನು? ಟಾಕೀಸಿನ ಗೇಟ್ ಕಾಯ್ತಿದ್ದ ಸತ್ತಾರ್ ಸಾಬ್ ಹೇಳ್ತಿದ್ದ,” ಎಂದಳು ಅಜ್ಜಿ. ಹಾಗೇ ನಿದ್ದೆ ಹೋದಳು.

ಬೆಳಿಗ್ಗೆ ಅಜ್ಜಿಯ ಗಾಲಿಕುರ್ಚಿ ಒಂದು ಬಾಗಿಲ ಮುಂದೆ ಬಂತು. ನಾಗವೇಣಿ ಬೋರ್ಡ್ ಓದಿದಳು: ‘ಆಪರೇಷನ್ ಥಿಯೇಟರ್’. ಥಿಯೇಟರ್ ಅಂದರೆ ಇದೇ! ಹೇಳಿದರೆ ಅಜ್ಜಿ ಎದ್ದು ಊರಿಗೆ ಹೋಗುತ್ತಾಳೆ. ಹೇಳದಿದ್ದರೆ?

“ಅಜ್ಜಿ, ನಾ ತಪ್ಪು ಹೇಳೀನಿ,” ಎಂದಳು. “ಇಲ್ಲಿ ಸಿನಿಮಾ ಇಲ್ಲ. ಆಪರೇಷನ್ ರೂಮಿಗೇ ಥಿಯೇಟರ್ ಅಂತಾರ.”

ಅಜ್ಜಿ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಕುರ್ಚಿ ನಿಂತಿತು.

ಒಳಗಿನಿಂದ ಡಾಕ್ಟರ್ ಯಾಸ್ಮೀನ್ ಬಂದರು. ಸಿನಿಮಾ ಹಾಲಿಗೂ ಆಪರೇಷನ್ ರೂಮಿಗೂ ಒಂದೇ ಹೆಸರು ಯಾಕೆ ಇಟ್ಟರು ಎಂದು ನಾಗವೇಣಿ ಅಳುದನಿಯಲ್ಲಿ ಅವರನ್ನೇ ಕೇಳಿದಳು.

“ಅದು ಗ್ರೀಕರ ಮಾತು,” ಎಂದರು ಡಾಕ್ಟರ್. “ಥಿಯೇಟರ್ ಅಂದ್ರ ನೋಡೂ ಜಾಗ. ಅಲ್ಲಿ ನಾಟಕ ನೋಡ್ತಿದ್ರು. ಭಾಳ ವರ್ಷದ ಮ್ಯಾಲ, ಡಾಕ್ಟರಿಕಿ ಕಲಿಯೋರು ಸುತ್ತಲೂ ಮೆಟ್ಟಿಲ ಮ್ಯಾಲ ನಿಂತು ಆಪರೇಷನ್ ನೋಡ್ತಿದ್ರು. ಆ ರೂಮಿಗೂ ಅದೇ ಹೆಸರು ಬಂತು.”

ಅಜ್ಜಿ ದನಿ ಬಂದ ಕಡೆ ಮುಖ ತಿರುಗಿಸಿದಳು. “ನೋಡೂ ಜಾಗ ಅಂದ್ರ್ಯಾ?”

ಡಾಕ್ಟರ್ ಹೌದೆಂದರು. ಅಜ್ಜಿ ಚೌಕಟ್ಟು ಬಿಟ್ಟಳು. “ಹಂಗಾರ ನಡೀರಿ.”

ಮರುದಿನ ಕಣ್ಣಿನ ಪಟ್ಟಿ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿ ಕಿಟಕಿಯ ಬಳಿ ಕೂತಳು. ಕೆಳಗೆ ಶಕ್ತಿನಗರದ ಬಸ್ಸು, ದಾಳಿಂಬೆಯ ಗಾಡಿ, ಆಟೋದವನ ಜಗಳ. ಗಾಜು ಮುಚ್ಚಿದ್ದರಿಂದ ಒಂದು ಮಾತೂ ಕೇಳಿಸುತ್ತಿರಲಿಲ್ಲ.

“ಆ ಹುಡುಗಿ ಚಪ್ಪಲಿ ಹರದದ ನೋಡು. ಕೈಯಾಗ ಹಿಡಕೊಂಡು ನಗಾಕತ್ತಾಳ,” ಎಂದಳು ಅಜ್ಜಿ.

ನಾಗವೇಣಿ ಅದನ್ನು ಗಮನಿಸಿಯೇ ಇರಲಿಲ್ಲ. ಸ್ಟೂಲ್ ಎಳೆದುಕೊಂಡು, ಟಾಕೀಸಿನಲ್ಲಿ ಕೂತಂತೆ ಅಜ್ಜಿಗೆ ಒತ್ತಿ ಕೂತಳು.

ಅಪ್ಪ ರಾಮಲಿಂಗಪ್ಪ ಚೀಲ ಹಿಡಿದು ಬಂದು, ಹೊರಡೋಣ ಎಂದು ಬಾಯಿ ತೆರೆದ. ನಾಗವೇಣಿ ಹಿಂದೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟಳು.