ಬ್ಯಾಂಡಿನವರು ಬಂದ ಮಧ್ಯಾಹ್ನ

"ನೀವ್ಯಾರೂ ಒಳಗೆ ಹೋಗೋ ಹಾಗಿಲ್ಲ!"

ಚಿನಕುರುಳಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಬಾಯಿಗೆ ಬೀಗವೇ ಇಲ್ಲ ಅಂತ ಚಿಕ್ಕಪ್ಪನೇ ಅವಳಿಗೆ ಇಟ್ಟ ಹೆಸರು ಅದು. ಎದುರಿಗೆ ಚಿಕ್ಕಪ್ಪನ ಬ್ಯಾಂಡಿನವರು, ಕೈಯಲ್ಲಿ ವಾದ್ಯದ ಪೆಟ್ಟಿಗೆಗಳು. ಇರುವುದು ನಾಲ್ಕೇ ಜನ, ಗದ್ದಲ ಮಾತ್ರ ನಲವತ್ತು ಜನರದು. ಅದರಲ್ಲೂ ಡ್ರಮ್ ಮಾಮ ನಕ್ಕರೆ ಬೀದಿ ಕೊನೆಯ ನಾಯಿಯೂ ಎದ್ದು ನಿಲ್ಲುತ್ತಿತ್ತು.

"ಯಾಕಮ್ಮಾ ಪೊಲೀಸ್, ನಾವೇನು ಮಾಡಿದ್ವಿ?" ಅಂದರು ಡ್ರಮ್ ಮಾಮ.

"ನೀವು ಗಲಾಟೆ ಮಾಡ್ತೀರ. ಚಿಕ್ಕಪ್ಪ ಅಳ್ತಾನೆ."

ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಪ್ಪ ಹಾಸಿಗೆ ಹಿಡಿದು ಎಷ್ಟೋ ದಿನ ಆಗಿತ್ತು. "ಮನಸ್ಸಿಗೂ ಕಾಯಿಲೆ ಬರುತ್ತೆ ಕಣೇ. ಡಾಕ್ಟರು ಖಿನ್ನತೆ ಅಂದಿದ್ದಾರೆ. ಮಾತ್ರೆ ಕೊಟ್ಟಿದ್ದಾರೆ, ನಿಧಾನಕ್ಕೆ ಹುಷಾರಾಗ್ತಾನೆ," ಅಂದಿದ್ದಳು ಅಮ್ಮ. ಚಿನಕುರುಳಿಗೂ ನಿಧಾನಕ್ಕೂ ಆಗಿಬರುವುದಿಲ್ಲ. ನಿನ್ನೆ ಚಿಕ್ಕಪ್ಪನ ಟ್ರಂಪೆಟನ್ನೇ ಅವನ ಕಿವಿ ಹತ್ತಿರ 'ಪೋಂ' ಅಂತ ಊದಿ, "ಎದ್ದೇಳೋ ಸೋಮಾರಿ!" ಅಂದಿದ್ದಳು.

ಚಿಕ್ಕಪ್ಪ ಬಯ್ಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ. ಅವನ ಭುಜ ಅಲುಗುತ್ತಿತ್ತು.

ಆಮೇಲೆ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಚಿಕ್ಕಪ್ಪ ಇನ್ನು ತನ್ನ ಜೊತೆ ಮಾತೇ ಆಡಲಿಕ್ಕಿಲ್ಲ ಅಂತ ಅವಳಿಗೆ ಭಯ.

ಅಮ್ಮ ಬಂದು ಅವಳ ಕೈ ಇಳಿಸಿದಳು. ಬ್ಯಾಂಡಿನವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಚಿನಕುರುಳಿ ಗಟ್ಟಿಯಾಗಿ ಕಿವಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಕೈ ತೆಗೆದಳು. ಸದ್ದೇ ಇಲ್ಲ! ಮೆಲ್ಲಗೆ ಚಿಕ್ಕಪ್ಪನ ಕೋಣೆಯೊಳಗೆ ಇಣುಕಿದಳು.

ನಾಲ್ವರೂ ಮಂಚದ ಪಕ್ಕ ನೆಲದ ಮೇಲೆ ಕೂತು, ಪಾಲಿಶ್ ಹಚ್ಚಿ ವಾದ್ಯಗಳನ್ನು ಉಜ್ಜುತ್ತಿದ್ದರು. ಪ್ರತಿ ವಾರ ಚಿಕ್ಕಪ್ಪನ ಜೊತೆ ಕೂತು ಮಾಡುತ್ತಿದ್ದ ಕೆಲಸವೇ. ಚಿಕ್ಕಪ್ಪನ ಟ್ರಂಪೆಟನ್ನು ಅವನ ಪಕ್ಕದಲ್ಲೇ ಇಟ್ಟಿದ್ದರು. ಹೇಗಿದ್ದೀಯ ಅಂತ ಯಾರೂ ಕೇಳಲಿಲ್ಲ. ಏಳು ಅನ್ನಲಿಲ್ಲ. ಡ್ರಮ್ ಮಾಮನಿಗೆ ಕೆಮ್ಮು ಬಂತು. ಟವೆಲಿನಿಂದ ಬಾಯಿ ಮುಚ್ಚಿ, ಮುಖ ಕೆಂಪಗೆ ಮಾಡಿಕೊಂಡು ತಡೆದರು. ಇಷ್ಟು ದೊಡ್ಡ ಮನುಷ್ಯ ಇಷ್ಟು ಮೆತ್ತಗೆ ಇರಬಲ್ಲರಾ! ಚಿನಕುರುಳಿ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಳು.

ತುಂಬಾ ಹೊತ್ತಾದ ಮೇಲೆ ಹೊದಿಕೆಯೊಳಗಿಂದ ಚಿಕ್ಕಪ್ಪನ ಕೈ ಹೊರಗೆ ಬಂತು. ಒಂದು ಗೇಣು ದೂರದ ಟ್ರಂಪೆಟ್ ಮುಟ್ಟಲು ಅದಕ್ಕೆ ಎಷ್ಟು ಹೊತ್ತು ಬೇಕಾಯಿತು! ಯಾರೂ ಚಪ್ಪಾಳೆ ತಟ್ಟಲಿಲ್ಲ. ಡ್ರಮ್ ಮಾಮ ಒಂದು ಬಟ್ಟೆಯ ತುಂಡನ್ನು ಆ ಕೈ ಪಕ್ಕಕ್ಕೆ ಸರಿಸಿದರು, ಅಷ್ಟೇ. ಕೈ ಎರಡು ಸಲ ಉಜ್ಜಿತು. ಮೂಟೆ ಹೊತ್ತು ಬಂದ ಹಾಗೆ ಸುಸ್ತಾಗಿ ನಿಂತಿತು.

ಚಿಕ್ಕಪ್ಪ ಅಷ್ಟು ದೊಡ್ಡ ಕೆಲಸ ಮಾಡಿದ್ದನ್ನು ಚಿನಕುರುಳಿ ಎಂದೂ ನೋಡಿರಲಿಲ್ಲ.

ಕಾಲ ಬೆರಳ ಮೇಲೆ ನಡೆದು ಹೋಗಿ ಮಂಚಕ್ಕೆ ಒರಗಿ ಕೂತಳು.

"ಚಿನಕುರುಳೀ," ಅಂದ ಚಿಕ್ಕಪ್ಪ, ಕಣ್ಣು ಮುಚ್ಚಿಕೊಂಡೇ. ಉಸಿರಿನಷ್ಟೇ ಸದ್ದು.

"ಹೂಂ."

"ಇಲ್ಲೇ ಇರ್ತೀಯಾ?"

ಯಾವಾಗ ಏಳ್ತೀಯ ಅಂತ ಕೇಳಲು ಅವಳ ನಾಲಿಗೆ ತುರಿಸುತ್ತಿತ್ತು. ಕೇಳಲಿಲ್ಲ.

"ಇರ್ತೀನಿ," ಅಂದಳು. ಆಮೇಲೆ ಒಂದು ಮಾತೂ ಆಡದೆ ಕೂತಳು.